ಡೀಸೆಲ್ ಗಾಡಿಯ ಎಂಜಿನ್ನು: ಮನೆಯಂಗಳದಲ್ಲಿ ಮಾಡಬಹುದಾದ ರಿಪೇರಿ, ಮಾಡಬಾರದ ಮಾರ್ಪಾಟು



೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಕಾಲದಲ್ಲಿ ಹಳ್ಳಿಗೆ ಜೀಪು ಬಂತೆಂದರೆ ಬ್ಲಾಕಿನ ಅಧಿಕಾರಿಗಳು ಬಂದರೆಂದೇ ಜನ ತಿಳಿಯುತ್ತಿದ್ದರು. ಈಗ ಆ ಜಾತಿಯ ಗಾಡಿ ರೈತನ ಮನೆಯ ಮುಂದೆಯೇ ನಿಂತಿರುತ್ತದೆ. ಹಳೆಯ ಡೀಸೆಲ್ ಜೀಪು, ಸುಮೊ, ಬೊಲೆರೊ, ಸ್ಕಾರ್ಪಿಯೊ, ಇವುಗಳಲ್ಲಿ ಒಂದಾದರೂ ಇಲ್ಲದ ಊರು ಕಡಿಮೆ. ಟೊಮೇಟೊ ಕ್ರೇಟನ್ನು ಮಂಡಿಗೆ ಸಾಗಿಸುವುದಕ್ಕೂ ಅದೇ, ಗೊಬ್ಬರದ ಚೀಲ ತರುವುದಕ್ಕೂ ಅದೇ, ನಡುರಾತ್ರಿ ಬಸುರಿ ಹೆಂಗಸನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ಇಂಥ ಗಾಡಿಯ ಎಂಜಿನ್ನು ಹಿಡಿದುಕೊಂಡರೆ ಅದನ್ನು ಬಿಚ್ಚಿ ಕಟ್ಟಿಸಲು ಒಂದು ಬೆಳೆಯ ಆದಾಯವೇ ಹೋಗಬಹುದು.

ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ, ಏರ್ ತೆಗೆದು, ನಾಜಲು ಬಿಚ್ಚಿ ಬಲ್ಲ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಗಾಡಿಯ ಎಂಜಿನ್ನೂ ಅದೇ ಕುಲದ್ದು. ಆದುದರಿಂದ ಹಲವು ಕೆಲಸಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಪಂಪ್‌ಸೆಟ್ಟಿಗೆ ಹಾಕಿದಂತೆ ಎಲ್ಲ ಕಡೆಗೂ ಸ್ಪ್ಯಾನರು ಹಾಕಿದರೆ ಎಂಜಿನ್ನಿಗೂ ಕೇಡು, ಕೈಗೂ ಕೇಡು. ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದೇ ಈ ಪಾಠದ ವಿಷಯ.

ಒಳಗೆ ನಡೆಯುವುದೇನು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಬರಿಯ ಗಾಳಿಯನ್ನು ಒಳಕ್ಕೆ ಎಳೆದು, ಅದನ್ನು ಹದಿನಾರರಿಂದ ಇಪ್ಪತ್ತರ ಒಂದು ಪಾಲಿಗೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ೫೦೦ ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ನೋಡಿಯೇ ಇದ್ದೀರಿ, ಇದೂ ಅದೇ. ಆ ಕಾದ ಗಾಳಿಗೆ ನಾಜಲು ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ, ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ ೧೮೯೭ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಈ ತತ್ತ್ವದ ಎಂಜಿನ್ನನ್ನು ಓಡಿಸಿ ತೋರಿಸಿದ. ಇಂದಿನ ಗಾಡಿಯಲ್ಲಿಯೂ ನಡೆಯುವುದು ಅದೇ ಕೆಲಸ.

ಡೀಸೆಲ್ಲನ್ನು ಮಂಜಿನಂತೆ ಮಾಡಬೇಕಾದರೆ ಬಹಳ ಒತ್ತಡ ಬೇಕು. ಅದಕ್ಕಾಗಿ ಪಂಪಿನ ಒಳಗಿನ ಕೊಂತ ಮತ್ತು ಅದರ ಗೂಡಿನ ನಡುವಿನ ಸಂದನ್ನು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಕಿರಿದಾಗಿ ಮಾಡಿರುತ್ತಾರೆ. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿಗೆ ಅರದಂತೆ. ನೀರು ಸೇರಿದರಂತೂ ತುಕ್ಕು ಹಿಡಿಯುತ್ತದೆ.

ನಿಮ್ಮ ಗಾಡಿ ಯಾವ ಬಗೆಯದು?

ಸ್ಪ್ಯಾನರು ಹಿಡಿಯುವ ಮೊದಲು ಬಾನೆಟ್ಟು ಎತ್ತಿ ಇದನ್ನು ನೋಡಿಕೊಳ್ಳಿ. ಪಂಪಿನಿಂದ ನಾಲ್ಕು ತೆಳು ಉಕ್ಕಿನ ಪೈಪುಗಳು ಬೇರೆ ಬೇರೆಯಾಗಿ ಹೊರಟು ಒಂದೊಂದು ನಾಜಲಿಗೆ ಹೋಗಿದ್ದರೆ ಅದು ಹಳೆಯ ಬಗೆ. ಹಳೆಯ ಡೀಸೆಲ್ ಜೀಪುಗಳು, ಮೊದಮೊದಲ ಸುಮೊ, ಬೊಲೆರೊಗಳು ಈ ಜಾತಿಯವು. ಹಾಗಲ್ಲದೆ ಎಂಜಿನ್ನಿನ ಮೇಲೆ ಅಡ್ಡವಾಗಿ ಒಂದು ದಪ್ಪ ಉಕ್ಕಿನ ಕೊಳವೆ ಇದ್ದು, ಅದರಿಂದ ಗಿಡ್ಡ ಪೈಪುಗಳು ನಾಜಲುಗಳಿಗೆ ಇಳಿದು, ಪ್ರತಿ ನಾಜಲಿನ ತಲೆಗೂ ಕರೆಂಟು ವೈರಿನ ಪ್ಲಗ್ಗು ಇದ್ದರೆ ಅದು ಕಾಮನ್ ರೈಲ್ ಎಂಬ ಹೊಸ ಬಗೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಬೇಕು.

ಡೀಸೆಲ್ಲು ಶುಚಿಯಾಗಿರಲಿ

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಡೀಸೆಲ್ ಫಿಲ್ಟರಿನ ತಳದ ನೀರು ತೆಗೆಯುವುದು. ಫಿಲ್ಟರಿನ ಅಡಿಯಲ್ಲಿ ಒಂದು ತಿರುಪು ಇರುತ್ತದೆ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಅದನ್ನು ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ಲು ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬರಿಯ ಡೀಸೆಲ್ಲು ಬರುವವರೆಗೆ ಬಿಟ್ಟು ತಿರುಪು ಬಿಗಿಯಿರಿ. ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಇದನ್ನು ಹೆಚ್ಚು ಸಲ ಮಾಡಬೇಕು. ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯಲ್ಲಿನ ತೇವ ನೀರಾಗಿ ಇಳಿಯುತ್ತದೆ. ಟ್ಯಾಂಕು ತುಂಬಿಟ್ಟರೆ ಆ ಕಾಟ ಕಡಿಮೆ. ಕ್ಯಾನಿನಲ್ಲಿ ಡೀಸೆಲ್ಲು ತಂದಿಡುವವರು ಅದು ಒಂದು ದಿನ ಅಲುಗಾಡದೆ ನಿಂತ ಮೇಲೆ ಮೇಲಿನದನ್ನು ಮಾತ್ರ ಸೋಸಿ ಹಾಕಬೇಕು, ತಳದ ನಾಲ್ಕು ಬೆರಳು ಬಿಡಬೇಕು.

ಫಿಲ್ಟರನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಿ. ತೊಳೆದು ಮತ್ತೆ ಹಾಕುವ ವಸ್ತು ಅದಲ್ಲ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಿಬಿಡಿ. ಒರೆಸಲು ಹತ್ತಿಯ ವೇಸ್ಟು ಬೇಡ, ಅದರ ಎಳೆ ಒಳಗೆ ಹೋಗುತ್ತದೆ. ಒಗೆದ ಬಿಳಿ ಪಂಚೆಯ ತುಂಡು ಒಳ್ಳೆಯದು.

ಫಿಲ್ಟರು ಬದಲಿಸಿದಾಗ, ಇಲ್ಲವೆ ಡೀಸೆಲ್ಲು ಪೂರ್ತಿ ಮುಗಿದು ಗಾಡಿ ನಿಂತಾಗ, ಪೈಪಿನಲ್ಲಿ ಗಾಳಿ ಸೇರುತ್ತದೆ. ಪಂಪು ಗಾಳಿಯನ್ನು ಅಮುಕಬಲ್ಲದೇ ಹೊರತು ನಾಜಲಿಗೆ ತಳ್ಳಲಾರದು. ಆಗ ಎಷ್ಟು ಸೆಲ್ಫು ಹೊಡೆದರೂ ಬ್ಯಾಟರಿ ಇಳಿಯುತ್ತದೆಯೇ ವಿನಾ ಗಾಡಿ ಎದ್ದೇಳುವುದಿಲ್ಲ. ಹಳೆಯ ಬಗೆಯ ಗಾಡಿಯಲ್ಲಿ ಏರ್ ತೆಗೆಯುವ ಕ್ರಮ ಹೀಗೆ. ಫಿಲ್ಟರಿನ ತಲೆಯ ಮೇಲಿರುವ ಏರ್ ತಿರುಪನ್ನು ಎರಡು ಸುತ್ತು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಬನ್ನಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ಲು. ಗುಳ್ಳೆ ನಿಂತ ಮೇಲೂ ನಾಲ್ಕು ಸಲ ಒತ್ತಿ, ಒತ್ತುತ್ತಿರುವಾಗಲೇ ತಿರುಪು ಬಿಗಿಯಬೇಕು. ಕೈಬಿಟ್ಟ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಪಂಪಿನ ಮೇಲೂ ಅಂಥ ತಿರುಪು ಇದ್ದರೆ ಅಲ್ಲಿಯೂ ಹೀಗೆಯೇ ಮಾಡಿ. ಇಷ್ಟಕ್ಕೆ ಬಹಳ ಗಾಡಿಗಳು ಎದ್ದೇಳುತ್ತವೆ. ಏಳದಿದ್ದರೆ ನಾಜಲಿನ ಕಡೆಯ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಮುಖ ದೂರವಿಟ್ಟು, ಒಬ್ಬರು ಸೆಲ್ಫು ಹೊಡೆಯಲಿ. ಡೀಸೆಲ್ಲು ಜಿನುಗಿದ ಕೂಡಲೇ ಸೆಲ್ಫು ನಿಲ್ಲಿಸಿ ನಟ್ಟು ಬಿಗಿಯಿರಿ.

ಈ ಕಡೆಯ ಮಾತು ಹಳೆಯ ಬಗೆಗೆ ಮಾತ್ರ. ಕಾಮನ್ ರೈಲ್ ಗಾಡಿಯಲ್ಲಿ ನಾಜಲಿನ ಪೈಪನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಅಲ್ಲಿ ಕೈಪಂಪು ಅಥವಾ ರಬ್ಬರ್ ಬಲ್ಬು ಗಟ್ಟಿಯಾಗುವವರೆಗೆ ಒತ್ತಿ, ಬೀಗದ ಕೈಯನ್ನು ನಾಲ್ಕಾರು ಸಲ ಆನ್ ಮಾಡಿ ಆಫ್ ಮಾಡಿ, ಆಮೇಲೆ ಸೆಲ್ಫು ಹೊಡೆಯುವುದು. ಅಷ್ಟಕ್ಕೂ ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ ವರ್ಕ್‌ಷಾಪಿಗೆ ಹೇಳಿಕಳಿಸುವುದೇ ಸರಿ.

ಕೈಯ ಬಗ್ಗೆ ಎಚ್ಚರಿಕೆ

ಟೈರಿಗೆ ನಾವು ಹಾಕಿಸುವ ಗಾಳಿ ಸುಮಾರು ೩೦–೩೫ ಪೌಂಡು. ಹಳೆಯ ಬಗೆಯ ನಾಜಲು ತೆರೆಯುವುದು ೨,೦೦೦ ಪೌಂಡಿಗೂ ಮಿಕ್ಕಿದ ಒತ್ತಡಕ್ಕೆ. ಕಾಮನ್ ರೈಲಿನಲ್ಲಿ ಅದು ೨೦,೦೦೦ ಪೌಂಡನ್ನೂ ದಾಟಬಹುದು. ಅಷ್ಟು ಒತ್ತಡದಲ್ಲಿ ಕೂದಲಿನಂಥ ಬಿರುಕಿನಿಂದ ಹೊರಡುವ ಡೀಸೆಲ್ಲು ಕಣ್ಣಿಗೆ ಕಾಣದು. ಆದರೆ ಚರ್ಮವನ್ನು ತೂರಿ ಮಾಂಸದೊಳಗೆ ಹೊಕ್ಕುತ್ತದೆ. ಪಂಪ್‌ಸೆಟ್ಟಿನ ಅಭ್ಯಾಸದಲ್ಲಿ ಕೆಲವರು ಎಂಜಿನ್ನು ಓಡುತ್ತಿರುವಾಗ ಪೈಪಿನ ಮೇಲೆ ಬೆರಳು ಸವರಿ ಲೀಕು ಹುಡುಕುತ್ತಾರೆ. ಇದನ್ನು ಎಂದಿಗೂ ಮಾಡಬಾರದು. ಲೀಕಿನ ಅನುಮಾನವಿದ್ದರೆ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ, ಅದು ಒದ್ದೆಯಾದ ಜಾಗವೇ ಲೀಕು. ಎಂಜಿನ್ನು ನಿಲ್ಲಿಸಿ, ಒತ್ತಡ ಇಳಿಯಲು ಬಿಟ್ಟು, ಆಮೇಲೆ ಬಳಿಗೆ ಹೋಗಿ.

ಒಂದು ವೇಳೆ ಹಾಗೆ ಡೀಸೆಲ್ಲು ಕೈಗೆ ಹೊಕ್ಕರೆ ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಬೆರಳು ಊದಿ, ಒಳಗಿನ ಮಾಂಸ ಸಾಯತೊಡಗುತ್ತದೆ. ಅರಿಸಿನ ಮೆತ್ತಿ ಬೆಳಗಾಗಲೆಂದು ಕಾದವರು ಬೆರಳು ಕಳೆದುಕೊಳ್ಳಬಹುದು. ಆದುದರಿಂದ ಆ ಕ್ಷಣವೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೊರಡಿ. “ಮುಳ್ಳಲ್ಲ, ಎಂಜಿನ್ನಿನ ಒತ್ತಡದ ಡೀಸೆಲ್ಲು ಒಳಗೆ ಹೋಗಿದೆ” ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಗಾಯ ನೋಡಿದರೆ ಅವರಿಗೂ ಅದು ಚಿಕ್ಕದಾಗಿಯೇ ಕಂಡೀತು.

ಗಾಳಿ

ನಮ್ಮ ಮಣ್ಣುರಸ್ತೆಯ ಧೂಳಿನಲ್ಲಿ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಬೇಕಾಗುತ್ತದೆ. ಕಾಗದದ ಫಿಲ್ಟರನ್ನು ಮೆತ್ತಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಹೊಡೆಯಬಹುದು. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೆ ಕೂರುತ್ತದೆ. ಕತ್ತಲೆಯಲ್ಲಿ ಒಳಗೆ ಟಾರ್ಚು ಹಿಡಿದು ತಿರುಗಿಸಿ. ಸೂಜಿಮೊನೆಯಷ್ಟು ಬೆಳಕು ನೇರವಾಗಿ ಹೊರಬಂದರೂ ಆ ಫಿಲ್ಟರನ್ನು ಎಸೆಯಿರಿ. ಹಳೆಯ ಜೀಪುಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಫಿಲ್ಟರು ಇರುವುದುಂಟು. ಅದರ ತಳದಲ್ಲಿ ಕೆಸರು ಕೂತಿದ್ದರೆ ಬಟ್ಟಲು ತೊಳೆದು ಗುರುತಿನವರೆಗೆ ಹೊಸ ಆಯಿಲ್ ಹಾಕಿ.

ಫಿಲ್ಟರಿಗಿಂತ ಜನ ಮರೆಯುವುದು ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು. ಅದು ಒಡೆದಿದ್ದರೆ, ಕ್ಲಿಪ್ಪು ಸಡಿಲವಾಗಿದ್ದರೆ, ಫಿಲ್ಟರು ಹೊಸದಿದ್ದೂ ಫಲವಿಲ್ಲ, ಧೂಳು ಅಡ್ಡದಾರಿಯಲ್ಲಿ ಒಳಗೆ ಹೋಗಿ ರಿಂಗುಗಳನ್ನು ತಿನ್ನುತ್ತದೆ. ಪೈಪನ್ನು ಕೈಯಿಂದ ಬಗ್ಗಿಸಿ ಮಡಿಕೆಗಳ ಒಳಗೂ ನೋಡಬೇಕು.

ಬಿಸಿ ಮತ್ತು ನೀರು

ಗಾಡಿ ಬಿಸಿಯಾಗುತ್ತದೆಂದು ದೂರು ಬಂದಾಗ ಸುಲಭದ ಕಾರಣಗಳನ್ನು ಮೊದಲು ನೋಡಿ. ನೀರು ಕಡಿಮೆಯಾಗಿದೆಯೇ, ಫ್ಯಾನ್ ಬೆಲ್ಟು ಸಡಿಲವೇ, ರೇಡಿಯೇಟರಿನ ಮುಖಕ್ಕೆ ಏನಾದರೂ ಮೆತ್ತಿದೆಯೇ? ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರವಿ ಒಕ್ಕಣೆ ಮಾಡುವ ಕಡೆ ಈ ಮೂರನೆಯದೇ ಹೆಚ್ಚು. ಹೊಟ್ಟು ಹೋಗಿ ರೇಡಿಯೇಟರಿನ ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತದೆ. ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಸಾಧಾರಣ ರಭಸದ ನೀರು ಬಿಟ್ಟು ಅದನ್ನು ತೊಳೆಯಬೇಕು. ಗಾಡಿಯ ಅಡಿಯನ್ನೂ ಬಗ್ಗಿ ನೋಡಿ. ತಿರುಗುವ ಶಾಫ್ಟಿಗೂ ಬಿಸಿ ಸೈಲೆನ್ಸರಿಗೂ ಹುಲ್ಲು ಸುತ್ತಿಕೊಂಡು ಗಾಡಿಗೆ ಬೆಂಕಿ ಹತ್ತಿದ ಪ್ರಸಂಗಗಳುಂಟು.

ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಹಾಕಬಾರದು. ಒಲೆಯ ಮೇಲಿನ ಹಂಡೆಯಲ್ಲಿ ಕಟ್ಟುವ ಬಿಳಿಯ ಗಾರೆಯೇ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಸಿದ್ಧವಾದ ಕೂಲೆಂಟನ್ನೋ, ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿಗೆ ಬೆರೆಸುವ ಕೂಲೆಂಟನ್ನೋ ತನ್ನಿ. ಇನ್ನು, ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒಳಗಿನ ನೀರು ಒತ್ತಡದಿಂದಾಗಿ ೧೦೦ ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳ ಕೈಗೆ ತಣ್ಣಗೆ ತಗಲುವವರೆಗೆ ಕಾಯುವುದು ಒಳ್ಳೆಯದು.

“ಥರ್ಮೋಸ್ಟಾಟ್ ತೆಗೆದು ಬಿಸಾಕಿ ಗೌಡ್ರೆ, ಆಮೇಲೆ ಗಾಡಿ ಬಿಸಿಯೇ ಆಗಲ್ಲ” ಎಂದು ಹೇಳುವ ಮೇಸ್ತ್ರಿಗಳಿದ್ದಾರೆ. ಈ ಮಾತಿಗೆ ಕಿವಿಗೊಡಬೇಡಿ. ಎಂಜಿನ್ನು ಕೆಲಸದ ಬಿಸಿಗೆ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಥರ್ಮೋಸ್ಟಾಟಿನ ಕೆಲಸ. ಅದನ್ನು ತೆಗೆದರೆ ಎಂಜಿನ್ನು ಸದಾ ತಣ್ಣಗೆ ಓಡುತ್ತದೆ, ಡೀಸೆಲ್ಲು ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ಇಲ್ಲದಾಗ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ತಿರುಗಿ ಬಂದು, ಏರಿನಲ್ಲಿ ಮೊದಲಿಗಿಂತ ಹೆಚ್ಚು ಬಿಸಿಯಾಗುವುದೂ ಉಂಟು. ಅದು ಕೆಟ್ಟಿದೆಯೇ ಎಂದು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತೂಗುಬಿಟ್ಟು ಕಾಯಿಸಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ಹಾಗೆ ಆಗದಿದ್ದರೆ ಹೊಸದು ಹಾಕಿ.

ರೇಡಿಯೇಟರಿನಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ, ಹೆಡ್ ಗ್ಯಾಸ್ಕೆಟ್ಟು ಹೋಗಿರಬಹುದು. ಆಗ ಒಂದು ಫರ್ಲಾಂಗೂ ಓಡಿಸದೆ ಗಾಡಿಯನ್ನು ಎಳೆಸಿಕೊಂಡು ಹೋಗಿ. ಹೆಡ್ಡು ಬಿಚ್ಚುವುದು ಕಷ್ಟವಲ್ಲ. ಅದರ ಮುಖ ಸೊಟ್ಟಗಾಗಿದೆಯೇ ಎಂದು ಅಳೆದು, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಅಳತೆಯ ಬಲದಲ್ಲಿ ಬಿಗಿಯಬೇಕು. ಟಾರ್ಕ್ ರೆಂಚು ಇಲ್ಲದ ಮನೆಯಲ್ಲಿ ಈ ಕೆಲಸ ಬೇಡ.

ಆಯಿಲ್ ಮತ್ತು ಹೊಗೆ

ಎಂಜಿನ್ ಆಯಿಲ್ ಬದಲಿಸುವುದು ನಿಶ್ಚಿಂತೆಯಿಂದ ಮನೆಯಲ್ಲಿ ಮಾಡಬಹುದಾದ ಕೆಲಸ. ಎಂಜಿನ್ನು ಬೆಚ್ಚಗಿರುವಾಗ ಇಳಿಸಿ, ತಳದ ಬೋಲ್ಟಿಗೆ ಹೊಸ ವಾಷರು ಹಾಕಿ, ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೈಯಿಂದಲೇ ಬಿಗಿಯಿರಿ. ಗಾಡಿಯ ಅಡಿಗೆ ಹೋಗುವವರು ಜಾಕಿಯನ್ನೊಂದನ್ನೇ ನಂಬದೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಕಲ್ಲು ಇಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ೨೦೨೦ರ ಏಪ್ರಿಲ್ ೧ರಿಂದ ಮಾರಾಟವಾದ ಬಿ.ಎಸ್. ೬ ಗಾಡಿಗಳಿಗೆ ಪುಸ್ತಕದಲ್ಲಿ ಹೇಳಿದ ಜಾತಿಯ ಆಯಿಲನ್ನೇ ಹಾಕಬೇಕು. ಬೇರೆಯದನ್ನು ಹಾಕಿದರೆ ಅದರ ಬೂದಿ ಹೊಗೆಯ ಮಸಿ ಹಿಡಿಯುವ ಡಬ್ಬಿಯಲ್ಲಿ ಕಟ್ಟಿಕೊಳ್ಳುತ್ತದೆ. ಇಳಿಸಿದ ಹಳೆಯ ಆಯಿಲನ್ನು ಕಾಲುವೆಗೂ ಬದುವಿಗೂ ಸುರಿಯದೆ ಕ್ಯಾನಿನಲ್ಲಿ ಕೂಡಿಟ್ಟು ಕೊಳ್ಳುವವರಿಗೆ ಕೊಡಿ.

ಹೊಗೆಯ ಬಣ್ಣವೂ ಒಳಗಿನ ಸುದ್ದಿ ಹೇಳುತ್ತದೆ. ಕರಿ ಹೊಗೆಯೆಂದರೆ ಡೀಸೆಲ್ಲು ಹೆಚ್ಚು, ಗಾಳಿ ಕಡಿಮೆ; ಮೊದಲು ಏರ್ ಫಿಲ್ಟರು ನೋಡಿ, ಆಮೇಲೆ ನಾಜಲಿನ ಮಾತು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ಬಿಳಿ ಹೊಗೆ ಬೇಗ ಹೋದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆಯೇ ಎಂದು ನೋಡಬೇಕು.

ನೀಲಿ ಹೊಗೆ ಬರುವ ಟರ್ಬೊ ಗಾಡಿಯವರು ಇದನ್ನೂ ತಿಳಿದಿರಬೇಕು. ಟರ್ಬೊದ ಸೀಲು ಪೂರ್ತಿ ಹೋದರೆ ಎಂಜಿನ್ನು ತನ್ನ ಆಯಿಲನ್ನೇ ಎಳೆದು ಉರಿಸುತ್ತ ತಾನೇ ತಾನಾಗಿ ಓಡತೊಡಗಬಹುದು. ಆಗ ಬೀಗ ಆಫ್ ಮಾಡಿದರೂ ನಿಲ್ಲದು, ಯಾಕೆಂದರೆ ಕಿಡಿಯೂ ಬೇಡ, ಡೀಸೆಲ್ಲೂ ಬೇಡ. ಗೇರಿನ ಗಾಡಿಯಾದರೆ ಬ್ರೇಕನ್ನು ಗಟ್ಟಿಯಾಗಿ ತುಳಿದು, ಮೇಲಿನ ಗೇರು ಹಾಕಿ ಕ್ಲಚ್ಚು ಬಿಟ್ಟು ಎಂಜಿನ್ನನ್ನು ಕಟ್ಟಿಹಾಕಿ. ಸದ್ದು ವಿಪರೀತವಾಗಿದ್ದರೆ ಬಾನೆಟ್ಟಿನ ಬಳಿ ಹೋಗದೆ ಜನರನ್ನು ದೂರ ಕಳಿಸುವುದೇ ಮೇಲು.

ಮಾರ್ಪಾಟಿನ ಆಸೆ

ಈಗ ಹುಡುಗರಿಗೆ ಪ್ರಿಯವಾದ ವಿಷಯಕ್ಕೆ ಬರೋಣ. ಪಂಪಿನ ಮೇಲೆ ಸೀಲು ಹಾಕಿದ ಒಂದು ತಿರುಪು ಇರುತ್ತದೆ. ಅದನ್ನು ಕೊಂಚ ತಿರುಗಿಸಿದರೆ ಡೀಸೆಲ್ಲು ಹೆಚ್ಚು ಬೀಳುತ್ತದೆ, ಗಾಡಿಗೆ ಎಳೆತ ಬಂದಂತೆ ತೋರುತ್ತದೆ. ಆದರೆ ಒಳಗೆ ಬರುವ ಗಾಳಿ ಹೆಚ್ಚಾಗಿಲ್ಲವಲ್ಲ! ಮಿಕ್ಕ ಡೀಸೆಲ್ಲು ಕರಿ ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ನಿನ ತಲೆ ಮತ್ತು ಹೆಡ್ಡು ತಾಳಲಾರದಷ್ಟು ಕಾಯುತ್ತವೆ. ಹೊಸ ಗಾಡಿಗಳಲ್ಲಿ ಇದನ್ನೇ ಕಂಪ್ಯೂಟರಿನ ಲೆಕ್ಕ ತಿದ್ದಿ ಮಾಡಿಕೊಡುವವರಿದ್ದಾರೆ. ಕ್ಲಚ್ಚು, ಗೇರ್ ಬಾಕ್ಸು, ಬ್ರೇಕುಗಳು ಹಳೆಯ ಶಕ್ತಿಗೆ ತಕ್ಕಂತೆ ಮಾಡಿದವು ಎಂಬುದನ್ನು ಅವರು ಹೇಳುವುದಿಲ್ಲ. ಡೀಸೆಲ್ಲಿಗೆ ಸೀಮೆ‌ಎಣ್ಣೆ ಬೆರೆಸುವುದೂ ಇಂಥದೇ ಲೆಕ್ಕ. ಪಂಪಿಗೆ ಜಾರುವ ಗುಣ ಬರುವುದು ಡೀಸೆಲ್ಲಿನಿಂದಲೇ. ಸೀಮೆ‌ಎಣ್ಣೆಯಲ್ಲಿ ಅದು ಕಡಿಮೆಯಾದ್ದರಿಂದ ಕೊಂತ ಉಜ್ಜಿ ಸವೆಯುತ್ತದೆ.

ಬಿ.ಎಸ್. ೬ ಗಾಡಿಯ ಮಸಿ ಡಬ್ಬಿಯನ್ನು ಕೊರೆದು ತೆಗೆಸುವವರೂ ಇದ್ದಾರೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಮಾತ್ರ ಓಡುವ ಗಾಡಿಯಲ್ಲಿ ಅದು ಬೇಗ ಕಟ್ಟುವುದು ನಿಜ. ಎಚ್ಚರಿಕೆಯ ದೀಪ ಹತ್ತಿದರೆ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ಮಸಿ ಸುಟ್ಟುಹೋಗುತ್ತದೆ. ಹಾಗೆ ಓಡಿಸಿ ಬಂದ ಗಾಡಿಯನ್ನು ಬಣವೆಯ ಬಳಿ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಅದರ ಅಡಿ ಆಗ ಕೆಂಡದಂತಿರುತ್ತದೆ.

ಕಾಯಿದೆಯೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಟಿಗೆ ಮಾಲೀಕನಿಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಎಂಜಿನ್ನನ್ನೇ ಬೇರೆ ಹಾಕಿಸಬೇಕಾದರೆ ಮೊದಲು ಆರ್.ಟಿ.ಓ. ಕಚೇರಿಯ ಅನುಮತಿ ಪಡೆದು, ಆರ್.ಸಿ.ಯಲ್ಲಿ ಹೊಸ ನಂಬರು ಬರೆಯಿಸಿ, ವಿಮೆಯವರಿಗೂ ತಿಳಿಸಿ. ನಂಬರು ತಾಳೆಯಾಗದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಮಾಡಲೇಬೇಕೆಂಬ ಉತ್ಸಾಹವಿದ್ದರೆ ಎಂಜಿನ್ನಿನ ಆಯುಸ್ಸು ಹೆಚ್ಚಿಸುವ ಸಣ್ಣ ಕೆಲಸಗಳಿವೆ. ಹಳೆಯ ಬಗೆಯ ಗಾಡಿಯಲ್ಲಿ ಟ್ಯಾಂಕಿಗೂ ಫಿಲ್ಟರಿಗೂ ನಡುವೆ ನೀರು ಬೇರ್ಪಡಿಸುವ ಪಾರದರ್ಶಕ ಬಟ್ಟಲನ್ನು ಹಾಕಿಸಬಹುದು. ಅದರ ಎರಡೂ ಜೋಡಣೆ ಗಾಳಿ ಎಳೆಯದಂತೆ ಬಿಗಿಯಾಗಿರಬೇಕು, ಇಲ್ಲವಾದರೆ ದಿನವೂ ಏರ್ ತೆಗೆಯುವ ಕೆಲಸ ಗಂಟುಬೀಳುತ್ತದೆ. ಬ್ಯಾಟರಿಯ ಅರ್ಥ್ ಪಟ್ಟಿ ಎಂಜಿನ್ನಿಗೆ ಸೇರುವ ಜಾಗವನ್ನು ಉಜ್ಜಿ ಹೊಳಪು ಮಾಡಿ ಬಿಗಿದರೆ ಸೆಲ್ಫಿಗೆ ಬಲ ಬರುತ್ತದೆ. ಬಿಸಿ ತೋರಿಸುವ ಮುಳ್ಳು ಕೆಟ್ಟಿರುವ ಹಳೆಯ ಗಾಡಿಗೆ, ಮಿತಿ ಮೀರಿದಾಗ ಕೂಗುವ ಒಂದು ಬಜರನ್ನು ಆಟೋ ಎಲೆಕ್ಟ್ರಿಷಿಯನ್ನಿನಿಂದ ಹಾಕಿಸಿಕೊಳ್ಳಿ. ಹೆಡ್ಡು ಸೊಟ್ಟಗಾಗುವ ಮೊದಲೇ ಅದು ನಿಮ್ಮನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸುತ್ತದೆ.